ಗಾಡಿ ಎಡಕ್ಕೆ ಎಳೀತಿದೆ, ಅಲೈನ್ಮೆಂಟ್ ಮನೇಲೇ ಮಾಡ್ಬಹುದಾ?

ಪ್ರಶ್ನೆ: ಸರ್, ನಮ್ದು 2014ರ ಆಲ್ಟೊ 800. ಮಳೆಗಾಲದಲ್ಲಿ ಗುಂಡಿ ರಸ್ತೇಲಿ ಓಡ್ಸಿ ಓಡ್ಸಿ ಈಗ ಎಡಕ್ಕೆ ಎಳೀತಿದೆ, ಸ್ಟೇರಿಂಗ್ ಸ್ವಲ್ಪ ಸೊಟ್ಟ ನಿಲ್ಲುತ್ತೆ, ಮುಂದಿನ ಎರಡೂ ಟೈರು ಒಳಗಡೆ ಅಂಚಲ್ಲಿ ಸವೆದಿದೆ. ಅಲೈನ್ಮೆಂಟ್‌ಗೆ ಶಿವಮೊಗ್ಗಕ್ಕೆ ಹೋದ್ರೆ ಒಂದು ದಿನ ಪೂರ್ತಿ ಹೋಗುತ್ತೆ. ಮನೇಲೇ ಮಾಡ್ಕೋಬಹುದಾ?
- ಕೊಪ್ಪ ಹತ್ತಿರದ ಓದುಗರು

ಉತ್ತರ: ಮಾಡ್ಕೋಬಹುದು, ಆದ್ರೆ ಟೋ (ಮೇಲಿಂದ ನೋಡಿದ್ರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರೋದು) ಒಂದನ್ನ ಮಾತ್ರ. ಎರಡೂ ಟೈರು ಒಳಗೆ ಸವೆದಿದೆ ಅಂದ್ರೆ ಹೆಚ್ಚಾಗಿ ಟೋ ಔಟ್, ಅಂದ್ರೆ ಚಕ್ರಗಳ ಮುಂಭಾಗ ಹೊರಕ್ಕೆ ತಿರುಗಿದೆ. ಎಡಕ್ಕೆ ಎಳೆಯೋದು ಸಾಮಾನ್ಯವಾಗಿ ಟೋದಿಂದ ಅಲ್ಲ, ಇದನ್ನ ಬೇರೆ ದೋಷ ಅಂತ್ಲೇ ನೋಡಿ. ನಮ್ಮ ರಸ್ತೆಗಳು ನೀರು ಹರಿದು ಹೋಗ್ಲಿ ಅಂತ ಅಂಚಿಗೆ ಇಳಿಜಾರಾಗೇ ಇರ್ತವೆ, ಎಡಗಡೆ ಓಡ್ಸೋರಿಗೆ ಸ್ವಲ್ಪ ಎಡಕ್ಕೆ ಹೋಗೋದು ಸಹಜ. ಜಾಸ್ತಿ ಎಳೆದ್ರೆ ಮೊದಲು ಎರಡೂ ಕಡೆ ಗಾಳಿ ಸಮ ಮಾಡ್ಸಿ, ಆಮೇಲೆ ಮುಂದಿನ ಟೈರು ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಹಾಕಿ ನೋಡಿ (ಟೈರ್ ಮೇಲೆ ತಿರುಗೋ ದಿಕ್ಕಿನ ಬಾಣ ಇದ್ರೆ ಬೇಡ), ಈಗ ಬಲಕ್ಕೆ ಎಳೆದ್ರೆ ದೋಷ ಟೈರಿಂದೇ. ಒಂದು ರೌಂಡ್ ಹೋಗಿ ಬಂದು ಚಕ್ರದ ಹತ್ರ ಕೈ ಹಿಡೀರಿ, ಎಡದ್ದೊಂದೇ ಬಿಸಿ ಇದ್ರೆ ಬ್ರೇಕ್ ಹಿಡ್ಕೊಂಡಿದೆ.

ಇನ್ನು ಟೋ. ಮೊದಲು ಜ್ಯಾಕ್ ಎತ್ತಿ ಸ್ಟ್ಯಾಂಡ್ ಕೊಡಿ, ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ದಯವಿಟ್ಟು ಹೋಗ್ಬೇಡಿ. ಚಕ್ರವನ್ನ ಎಡಬಲ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಅಂದ್ರೆ ಟೈ ರಾಡ್ (ಸ್ಟೇರಿಂಗಿಂದ ಚಕ್ರ ತಿರುಗಿಸೋ ಸರಳು) ಎಂಡ್ ಹೋಗಿರ್ಬಹುದು, ಮೇಲೆ ಕೆಳಗೆ ಹಿಡಿದಾಗ ಲೊಡಲೊಡ ಅಂದ್ರೆ ಬಾಲ್ ಜಾಯಿಂಟೋ ಬೇರಿಂಗೋ. ಈ ಪ್ಲೇ (ಸಡಿಲ) ಇಟ್ಕೊಂಡು ಟೋ ಸೆಟ್ ಮಾಡಿದ್ರೆ ಅದು ನಿಲ್ಲಲ್ಲ, ಆ ಪಾರ್ಟ್ ಮೊದಲು ಹಾಕ್ಸಿ.

ಆಮೇಲೆ ಚಕ್ರ ತಿರುಗಿಸ್ತಾ ಟೈರ್ ಮಧ್ಯೆ ಸೀಮೆಸುಣ್ಣ ಬಳಿದು, ಕದಲದಂಗೆ ಹಿಡಿದ ಮೊಳೇಲಿ ಸಣ್ಣ ಗೆರೆ ಎಳೀರಿ, ಎರಡಕ್ಕೂ. ಗಾಡಿ ಇಳಿಸಿ, ಸಮ ನೆಲದ ಮೇಲೆ ಸ್ಟೇರಿಂಗ್ ನೆಟ್ಟಗಿಟ್ಟು ಸ್ವಲ್ಪ ಮುಂದಕ್ಕೆ ತಳ್ಳಿ, ಜ್ಯಾಕ್ ಇಳಿಸಿದ ತಕ್ಷಣ ಅಳೆದ್ರೆ ಸಸ್ಪೆನ್ಷನ್ ಕೂತಿರಲ್ಲ, ಲೆಕ್ಕ ತಪ್ಪುತ್ತೆ. ಮುಂಭಾಗದಲ್ಲಿ ಗೆರೆಯಿಂದ ಗೆರೆಗೆ ಟೇಪ್ ಹಿಡಿದು ಅಳೆದು ಅಲ್ಲೇ ಗುರುತು ಹಾಕಿ. ಮತ್ತೆ ಮುಂದಕ್ಕೇ ತಳ್ಳಿ ಆ ಗುರುತು ಹಿಂಭಾಗಕ್ಕೆ ಅದೇ ಎತ್ತರಕ್ಕೆ ಬಂದಾಗ ಇನ್ನೊಂದು ಸಲ ಅಳೀರಿ. ಮುಂದಿನ ಅಳತೆ ಜಾಸ್ತಿ ಬಂದ್ರೆ ಟೋ ಔಟ್. ಎಷ್ಟಿರ್ಬೇಕು ಅನ್ನೋದು ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತೆ, ಇಂಥ ಚಿಕ್ಕ ಕಾರಿಗೆ ಸಾಮಾನ್ಯವಾಗಿ ಸೊನ್ನೆಗೆ ತೀರ ಹತ್ರ.

ಟೋ ಬದಲಾಗೋದು ಟೈ ರಾಡ್ ತಿರುಗಿಸಿ ಉದ್ದ ಗಿಡ್ಡ ಮಾಡಿದಾಗ. ಅದರ ಲಾಕ್ ನಟ್‌ಗೆ ಹಿಂದಿನ ರಾತ್ರೀನೇ ತುಕ್ಕು ಬಿಡಿಸೋ ಎಣ್ಣೆ ಹಾಕಿಡಿ, ನಟ್ ಸಡಿಲ ಮಾಡಿ, ರಬ್ಬರ್ ಬೂಟ್ ತಿರುಚದಂಗೆ ಅದರ ಕ್ಲಿಪ್ಪೂ ಬಿಚ್ಚಿ. ರಾಡು ಆಕ್ಸಲ್ ಹಿಂದೆ ಇದ್ರೆ ಉದ್ದ ಮಾಡಿದಷ್ಟು ಟೋ ಇನ್ (ಚಕ್ರಗಳ ಮುಂಭಾಗ ಒಳಕ್ಕೆ) ಆಗುತ್ತೆ, ಮುಂದೆ ಇದ್ರೆ ಉಲ್ಟಾ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ, ಅಷ್ಟಕ್ಕೇ ಟೈರ್ ಅಂಚಲ್ಲಿ ಒಂದು ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬರುತ್ತೆ, ಮತ್ತೆ ಎರಡೂ ಕಡೆ ಅಷ್ಟಷ್ಟೇ ತಿರುಗಿಸಿ. ಸ್ಟೇರಿಂಗ್ ಸೊಟ್ಟ ಸರಿ ಮಾಡೋಕೆ ಒಂದು ಕಡೆ ಉದ್ದ ಮಾಡಿದಷ್ಟೇ ಇನ್ನೊಂದು ಕಡೆ ಗಿಡ್ಡ ಮಾಡ್ಬೇಕು, ಟೋ ಹಂಗೇ ಇರುತ್ತೆ. ಮುಗಿದ್ಮೇಲೆ ಲಾಕ್ ನಟ್ ಬಿಗಿ ಮಾಡಿ, ಮತ್ತೆ ಅಳೀರಿ, ನಟ್ ಸಡಿಲ ಉಳಿದ್ರೆ ಪ್ರಾಣಕ್ಕೇ ಅಪಾಯ.

ಟೈರು, ಬ್ರೇಕು ಎಲ್ಲಾ ಸರಿ ಇದ್ದೂ ಎಳೀತಾನೇ ಇದ್ರೆ ಗುಂಡಿ ಏಟಿಗೆ ಚಕ್ರ ಹಿಡಿದಿರೋ ಸಸ್ಪೆನ್ಷನ್ ಭಾಗಗಳಾದ ಲೋವರ್ ಆರ್ಮೋ ಸ್ಟ್ರಟ್ಟೋ ಬಗ್ಗಿರ್ಬಹುದು. ಅದಕ್ಕೆ ಮನೇಲಿ ಅಡ್ಜಸ್ಟ್‌ಮೆಂಟ್ ಇಲ್ಲ, ಆಗ ಶಿವಮೊಗ್ಗಕ್ಕೇ ಹೋಗಿ ಕ್ಯಾಂಬರ್ (ಮುಂದಿನಿಂದ ನೋಡಿದ್ರೆ ಚಕ್ರ ವಾಲಿರೋ ಕೋನ), ಕ್ಯಾಸ್ಟರ್ (ಪಕ್ಕದಿಂದ ನೋಡಿದ್ರೆ ಸ್ಟೇರಿಂಗ್ ತಿರುಗೋ ಅಕ್ಷ ವಾಲಿರೋ ಕೋನ) ಎರಡರ ರೀಡಿಂಗೂ ಪ್ರಿಂಟ್ ತಗೊಳ್ಳಿ.