ದಾರಿ ಬಿಡಲು ಪ್ರಯತ್ನಿಸಿದರೂ ಎದುರಾಳಿಗೆ ಸ್ಟ್ರೋಕ್ ಏಕೆ?

ನೀವು ಹೇಳಿದ ಸ್ಕ್ವಾಷ್ ಆಟದ ಸನ್ನಿವೇಶ ಇದು: ನೀವು ಹೊಡೆದ ಚೆಂಡು ಗೋಡೆಗಂಟಿಕೊಂಡು ಹೋಗದೆ ಕೋರ್ಟಿನ ನಡುವಿಗೆ ಬಂತು. ಕೂಡಲೇ ನೀವು ಪಕ್ಕಕ್ಕೆ ಸರಿಯತೊಡಗಿದಿರಿ. ನಿಮ್ಮ ಹಿಂದಿದ್ದ ಎದುರಾಳಿ ರಾಕೆಟ್ ಎತ್ತಿದವರು ಹೊಡೆಯದೆ ನಿಂತು, ಅಡ್ಡಿಯಾಯಿತೆಂದು ‘ಲೆಟ್ ಪ್ಲೀಸ್’ ಎಂದರು. ರೆಫರಿ ಸ್ಟ್ರೋಕ್ ಎಂದು ಅಂಕವನ್ನೇ ಅವರಿಗೆ ಕೊಟ್ಟುಬಿಟ್ಟರು. ಪ್ರಯತ್ನಪಟ್ಟು ಸರಿಯುತ್ತಿದ್ದವರಿಗೆ ಹೀಗೇಕೆ, ಲೆಟ್ ಕೊಟ್ಟು ಮತ್ತೆ ಆಡಿಸಬೇಕಿತ್ತಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ತೀರ್ಪು ಸರಿಯಾಗಿದೆ. ಕ್ಲಬ್ ಪಂದ್ಯಗಳಿಗೆ ರೆಫರಿಯಾಗಿ ಕೂರುವ ನನಗೆ ಅತಿ ಹೆಚ್ಚು ವಾದ ಎದುರಾಗುವುದು ಇದೇ ವಿಷಯದಲ್ಲಿ. ‘ಪ್ರಯತ್ನಪಟ್ಟರೆ ಲೆಟ್, ಪಡದಿದ್ದರೆ ಸ್ಟ್ರೋಕ್’ ಎಂದು ಎಲ್ಲರೂ ಕಲಿತಿರುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಅದು ಎಲ್ಲ ಬಗೆಯ ಅಡ್ಡಿಗೂ ಅನ್ವಯಿಸುವುದಿಲ್ಲ.

ಅಡ್ಡಿಯ ಕುರಿತ 8ನೇ ನಿಯಮದ ಪ್ರಕಾರ, ಹೊಡೆದು ಮುಗಿಸಿದ ಆಟಗಾರ ಎದುರಾಳಿಗೆ ನಾಲ್ಕು ಅನುಕೂಲಗಳನ್ನು ಬಿಟ್ಟುಕೊಡಬೇಕು: ಮುಂದಿನ ಗೋಡೆಯಿಂದ ಪುಟಿದು ಬರುವ ಚೆಂಡು ಕಾಣಬೇಕು, ಚೆಂಡಿನ ಬಳಿಗೆ ನೇರ ದಾರಿ ಇರಬೇಕು, ರಾಕೆಟ್ ಬೀಸಲು ಜಾಗವಿರಬೇಕು, ಮುಂದಿನ ಗೋಡೆಯ ಯಾವ ಭಾಗಕ್ಕಾದರೂ ಹೊಡೆಯುವ ಸ್ವಾತಂತ್ರ್ಯ ಇರಬೇಕು. ನಿಮ್ಮ ಪ್ರಯತ್ನ ನಿಜಕ್ಕೂ ಲೆಕ್ಕಕ್ಕೆ ಬರುವುದು ದಾರಿಯ ವಿಷಯದಲ್ಲಿ. ಎದುರಾಳಿ ಚೆಂಡಿನತ್ತ ಓಡುವಾಗ ನೀವು ಅಡ್ಡ ಸಿಕ್ಕಿದಿರಿ, ಆದರೆ ಸರಿಯಲು ಪೂರ್ತಿ ಪ್ರಯತ್ನಿಸುತ್ತಿದ್ದಿರಿ, ಅವರು ಚೆಂಡನ್ನು ಸರಿಯಾಗಿ ಹಿಂತಿರುಗಿಸಬಲ್ಲವರಾಗಿದ್ದರು ಎಂದಾದರೆ ಅದು ಲೆಟ್. ಅಲ್ಲಿಯೂ, ಅವರ ಹೊಡೆತ ಖಚಿತವಾಗಿ ಅಂಕ ಗೆಲ್ಲುವಂಥದ್ದಾಗಿದ್ದರೆ ನೀವು ಎಷ್ಟೇ ಪ್ರಯತ್ನಪಟ್ಟಿದ್ದರೂ ಸ್ಟ್ರೋಕ್.

ನಿಮ್ಮ ಪ್ರಕರಣ ದಾರಿಯದ್ದಲ್ಲ, ಮುಂದಿನ ಗೋಡೆಯದ್ದು. ಎದುರಾಳಿ ಚೆಂಡಿನ ಬಳಿಗೆ ಆಗಲೇ ತಲುಪಿದ್ದರು. ಚೆಂಡು ಇರುವ ಜಾಗದಿಂದ ಮುಂದಿನ ಗೋಡೆಯ ಎರಡು ಮೂಲೆಗಳಿಗೆ ಒಂದೊಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಗೋಡೆಯ ಅಗಲ 6.4 ಮೀಟರ್. ಆ ತ್ರಿಕೋನದೊಳಗಿನ ಜಾಗವೆಲ್ಲ ಹೊಡೆಯುವವರದು. ಚೆಂಡು ಟಿ ಗುರುತಿನ (ಕೋರ್ಟಿನ ನಡುವೆ ಗೆರೆಗಳು ಕೂಡುವ ಜಾಗ) ಹಿಂದೆ ಬಿದ್ದು, ನೀವು ಅದರ ಮುಂದೆಯೇ ಇದ್ದರೆ ತ್ರಿಕೋನದ ನಡುವಿನಲ್ಲಿದ್ದೀರಿ. ಅರೆಕ್ಷಣದಲ್ಲಿ ಅದರಿಂದ ಹೊರಬರಲು ಯಾರಿಂದಲೂ ಆಗದು. ಅವರು ಹೊಡೆದಿದ್ದರೆ ಚೆಂಡು ಗೋಡೆಗೆ ನೇರವಾಗಿ ಹೋಗುವ ಹಾದಿಯಲ್ಲಿ ನಿಮಗೆ ಬಡಿಯುತ್ತಿತ್ತು. ಹಾಗಿದ್ದಾಗ ರೆಫರಿ ನಿಮ್ಮ ಪ್ರಯತ್ನವನ್ನು ಅಳೆಯುವುದೇ ಇಲ್ಲ. ಇದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಸಡಿಲ ಚೆಂಡು ಕೊಟ್ಟವರು ನೀವು. ಲೆಟ್ ಕೊಟ್ಟರೆ ಕೆಟ್ಟ ಹೊಡೆತಕ್ಕೆ ಇನ್ನೊಂದು ಅವಕಾಶ ಸಿಕ್ಕಂತಾಗುತ್ತದೆ, ಒಳ್ಳೆಯ ಸ್ಥಾನ ಗಳಿಸಿದವರು ಅದನ್ನು ಕಳೆದುಕೊಳ್ಳುತ್ತಾರೆ.

ಬೀಸಿನ ವಿಷಯದಲ್ಲೂ ಇದೇ ನ್ಯಾಯ. ಎದುರಾಳಿಯ ರಾಕೆಟ್ ನಿಮಗೆ ತುಸು ತಾಗಿತು, ನೀವು ಸರಿಯುತ್ತಿದ್ದಿರಿ ಎಂದಾದರೆ ಲೆಟ್. ನಿಮ್ಮ ಮೈ ಅಡ್ಡವಾಗಿ ಬೀಸೇ ನಿಂತುಹೋದರೆ ಸ್ಟ್ರೋಕ್, ಪ್ರಯತ್ನವಿದ್ದರೂ.

ಆದರೆ ನಿಮ್ಮ ಎದುರಾಳಿ ಚೆಂಡನ್ನು ಒಂದು ಮಗ್ಗುಲಿನಿಂದ ತಮ್ಮ ಹಿಂದೆ ಹಾದುಹೋಗಲು ಬಿಟ್ಟು ಇನ್ನೊಂದು ಮಗ್ಗುಲಿನಲ್ಲಿ ಹೊಡೆಯಲು ತಿರುಗಿದ್ದರೇ? ಅಥವಾ ಮೊದಲ ಬೀಸು ತಪ್ಪಿ ಎರಡನೆಯ ಸಲ ಪ್ರಯತ್ನಿಸುತ್ತಿದ್ದರೇ? ಹಾಗಾಗಿದ್ದರೆ ಮುಂದಿನ ಗೋಡೆಯ ಕಾರಣಕ್ಕೆ ಅವರಿಗೆ ಸ್ಟ್ರೋಕ್ ಸಿಗದು, ಲೆಟ್ ಅಷ್ಟೇ. ನೀವು ಎಲ್ಲಿಗೆ ಸರಿಯಬೇಕೆಂದು ಊಹಿಸುವುದು ಆಗ ಕಷ್ಟ. ತಿರುಗಿದ ಮೇಲೆ ಅವರು ಹೊಡೆದೇಬಿಟ್ಟು ಚೆಂಡು ನಿಮಗೆ ಬಡಿದರಂತೂ, ನೀವು ಬೇಕೆಂದೇ ಅಡ್ಡ ಹೋಗದಿದ್ದಲ್ಲಿ ಅಂಕ ನಿಮಗೆ. ಮುಂದಿನ ಸಲ ತೀರ್ಪಿನ ಬಗ್ಗೆ ಅನುಮಾನ ಬಂದರೆ ಮೊದಲು ಈ ಎರಡನ್ನು ನೆನಪಿಸಿಕೊಳ್ಳಿ.

ಹಿಂದಿರುವವರು ನೀವಾಗಿದ್ದಾಗ, ದಯವಿಟ್ಟು ಹೊಡೆಯದೆ ನಿಲ್ಲಿ. ಹತ್ತಿರದಿಂದ ಬಂದ ಚೆಂಡು ಬೆನ್ನಿಗೆ ಬಡಿದರೆ ಬರೆ ಎದ್ದುಬಿಡುತ್ತದೆ, ಕಣ್ಣಿಗೆ ಬಡಿದರೆ ಕಣ್ಣೇ ಹೋಗಬಹುದು. ಸ್ಟ್ರೋಕ್ ಪಡೆಯಲು ಎದುರಾಳಿಗೆ ಚೆಂಡು ಬಡಿಯಲೇಬೇಕೆಂದಿಲ್ಲ. ರಾಕೆಟ್ ತಡೆದು ಹಿಡಿದು ‘ಲೆಟ್ ಪ್ಲೀಸ್’ ಎಂದರೆ ಸಾಕು, ಸಲ್ಲಬೇಕಾದ ಅಂಕ ನಿಮಗೆ ಸಿಗುತ್ತದೆ.