ಒಂದೇ ಗುಂಡಿನ ಕೋವಿ, ಕಾನರ್‌ನ ಕೊಡಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

‘ಅಸ್ಯಾಸಿನ್ಸ್ ಕ್ರೀಡ್ 3’ ಗೇಮ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಏಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಬ್ರಿಟಿಷರ ವಿರುದ್ಧ ಅಮೆರಿಕದ ವಸಾಹತುಗಳು ದಂಗೆಯೆದ್ದ ಕಾಲದಲ್ಲಿ, ಬೋಸ್ಟನ್, ನ್ಯೂಯಾರ್ಕ್ ಮತ್ತು ಸುತ್ತಲಿನ ಕಾಡುಗಳಲ್ಲಿ ಇದರ ನಾಯಕ ಕಾನರ್‌ನ ಕಥೆ ನಡೆಯುತ್ತದೆ. ಆಟ ಇನ್ನೂ ಮುಗಿಸದವರು ಕೊನೆಯ ಎರಡು ಉತ್ತರಗಳನ್ನು ಆಮೇಲೆ ಓದಿಕೊಳ್ಳಿ. ಯಾರು ಯಾರ ಕೈಯಲ್ಲಿ ಸಾಯುತ್ತಾರೆ ಎಂಬುದು ಅಲ್ಲಿ ಬಯಲಾಗುತ್ತದೆ.

ಪ್ರಶ್ನೆ: ಹಳೆಯ ಆವೃತ್ತಿ ಕೊಳ್ಳುವುದೋ, ಹೊಸದಾಗಿ ತಿದ್ದಿ ತಂದ ರೀಮಾಸ್ಟರ್ ಕೊಳ್ಳುವುದೋ? ಮೊದಲ ಕೆಲವು ಗಂಟೆ ಬಹಳ ನಿಧಾನ ಎನ್ನುತ್ತಾರೆ. ಆ ಭಾಗವನ್ನು ಹಾರಿಸಲು ಬರುತ್ತದೆಯೇ?

ಕಥೆಗಾಗಿ ಆಡುವವರಿಗೆ ರೀಮಾಸ್ಟರೇ ಸರಿ. ಮೂಲ ಆಟ ಹೊರಬಂದದ್ದು 2012ರ ಅಕ್ಟೋಬರ್ 30ರಂದು, ರೀಮಾಸ್ಟರ್ 2019ರ ಮಾರ್ಚ್ 29ರಂದು. ಇದರಲ್ಲಿ ಚಿತ್ರ ಹೆಚ್ಚು ಸ್ಪಷ್ಟ. ಪೊದೆಯಲ್ಲೋ ಗೋಡೆ ಮರೆಯಲ್ಲೋ ನಿಂತು ಸಿಳ್ಳೆ ಹಾಕಿ ಕಾವಲುಗಾರನನ್ನು ಹತ್ತಿರ ಕರೆಯುವ ಅನುಕೂಲ ಮೂಲದಲ್ಲಿ ಇರಲಿಲ್ಲ, ಇಲ್ಲಿದೆ. ದಂಗೆಯವರ ಸೇನಾನಿ ಜಾರ್ಜ್ ವಾಷಿಂಗ್ಟನ್ ದೊರೆಯಾಗಿಬಿಟ್ಟರೆ ಏನಾಗುತ್ತಿತ್ತು ಎಂಬ ಕಲ್ಪನೆಯ ಮೂರು ಕಂತುಗಳ ಹೆಚ್ಚುವರಿ ಕಥೆ ಮತ್ತು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆಯುವ ‘ಲಿಬರೇಶನ್’ ಎಂಬ ಇನ್ನೊಂದು ಆಟ ಎರಡೂ ಜೊತೆಗೇ ಸಿಗುತ್ತವೆ. ಮಲ್ಟಿಪ್ಲೇಯರ್ ಮಾತ್ರ ರೀಮಾಸ್ಟರ್‌ನಲ್ಲಿ ಇಲ್ಲ.

ಹಾರಿಸಲು ಬರುವುದಿಲ್ಲ. ಒಟ್ಟು 12 ಅಧ್ಯಾಯಗಳಲ್ಲಿ (ಸೀಕ್ವೆನ್ಸ್) ಮೊದಲ ಮೂರನ್ನು ಕಾನರ್‌ನ ತಂದೆ ಹೇಥಮ್ ಕೆನ್ವೇ ಆಗಿ ಆಡಬೇಕು. ಆಮೇಲೆ ಕಾನರ್‌ನ ಬಾಲ್ಯ, ತರಬೇತಿ. ಈ ಭಾಗದಲ್ಲಿ ಪೆಟ್ಟಿಗೆ ಹುಡುಕುತ್ತ, ಬೇಟೆಯಾಡುತ್ತ ಹೊತ್ತು ಕಳೆಯಬೇಡಿ. ಮ್ಯಾಪಿನಲ್ಲಿ ಕಾಣುವ ಮುಖ್ಯ ಗುರುತನ್ನಷ್ಟೇ ಹಿಡಿದು ಸಾಗಿ, ಉಳಿದದ್ದಕ್ಕೆ ಕಾನರ್ ದೊಡ್ಡವನಾದ ಮೇಲೆ ಬೇಕಾದಷ್ಟು ಬಿಡುವಿದೆ. ಹೇಥಮ್‌ನ ಮಾತುಗಳನ್ನು ಮಾತ್ರ ಗಮನವಿಟ್ಟು ಕೇಳಿ. ಮೂರನೆಯ ಸೀಕ್ವೆನ್ಸಿನ ಕೊನೆಯ ದೃಶ್ಯ ಬಂದಾಗ ಅಲ್ಲಿಯವರೆಗೆ ಕೇಳಿದ್ದಕ್ಕೆಲ್ಲ ಬೇರೆಯೇ ಅರ್ಥ ಹುಟ್ಟುತ್ತದೆ.

ಪ್ರಶ್ನೆ: ನಾಲ್ಕೈದು ಕೆಂಪಂಗಿ ಸಿಪಾಯಿಗಳು ಸುತ್ತುವರಿದರೆ ಪ್ರತಿ ಸಲವೂ ಸಾಯುತ್ತೇನೆ. ಹೊಡೆಯುವ ಬಟನ್ ಎಷ್ಟು ಒತ್ತಿದರೂ ತಡೆದುಬಿಡುತ್ತಾರೆ. ಪಿಸ್ತೂಲು ಒಂದೇ ಗುಂಡು ಹಾರಿಸಿ ಸುಮ್ಮನಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಆ ಒಂದೇ ಗುಂಡಿನಿಂದಲೇ ಶುರು ಮಾಡೋಣ, ಇಡೀ ಹೊಡೆದಾಟದ ಲೆಕ್ಕ ಅದರಲ್ಲಿದೆ. ಆ ಕಾಲದ ಬ್ರಿಟಿಷ್ ಸಿಪಾಯಿಯ ಕೈಯಲ್ಲಿದ್ದದ್ದು ‘ಬ್ರೌನ್ ಬೆಸ್’ ಎಂಬ ಕೋವಿ. ಅದರ ನಳಿಗೆಯ ಒಳ ಅಗಲ ಮುಕ್ಕಾಲು ಇಂಚು, ಒಳಗೆ ಸುರುಳಿ ಗೀರುಗಳಿಲ್ಲ. ಒಮ್ಮೆ ಗುಂಡು ಹಾರಿದರೆ ಮತ್ತೆ ತುಂಬಿಸುವ ಕೆಲಸ ಹೀಗೆ: ಕೋವಿಯ ‘ಕುದುರೆ’ಯನ್ನು, ಅಂದರೆ ಚಕಮಕಿ ಕಲ್ಲು ಹಿಡಿದ ಕೊಕ್ಕೆಯನ್ನು, ಅರ್ಧಕ್ಕೆ ಎಳೆದು ನಿಲ್ಲಿಸಬೇಕು. ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿದು, ಚಿಟಿಕೆ ಮದ್ದನ್ನು ಪಕ್ಕದ ಪುಟ್ಟ ಬಟ್ಟಲಿಗೆ ಹಾಕಿ ಮುಚ್ಚಬೇಕು. ಉಳಿದ ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನೂ ಕಾಗದವನ್ನೂ ಗಜವೆಂಬ ಉದ್ದ ಕೋಲಿನಿಂದ ತಳದವರೆಗೆ ಜಡಿಯಬೇಕು. ಗಜವನ್ನು ಅದರ ಜಾಗಕ್ಕೆ ಸೇರಿಸಿ, ಕುದುರೆಯನ್ನು ಪೂರ್ತಿ ಎಳೆದು ಗುರಿ ಹಿಡಿಯಬೇಕು. ಪಳಗಿದ ಕೈಗೂ ನಿಮಿಷಕ್ಕೆ ಮೂರು ಗುಂಡು. ನೂರು ಗಜ ದಾಟಿದರೆ ಒಬ್ಬನೇ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವ ಭರವಸೆ ಇಲ್ಲ. ಅದಕ್ಕೇ ಸಾಲುಗಟ್ಟಿ ನಿಂತು ಎಲ್ಲರೂ ಒಟ್ಟಿಗೆ ಹಾರಿಸುವುದು, ಆಮೇಲೆ ಬಯೊನೆಟ್ (ಕೋವಿಯ ತುದಿಯ ಚೂರಿ) ಹಿಡಿದು ನುಗ್ಗುವುದು.

ಗೇಮ್ ಈ ಕ್ರಮವನ್ನೇ ಇಟ್ಟುಕೊಂಡಿದೆ. ದೂರದಲ್ಲಿ ಇಬ್ಬರು ಮೂವರು ಸಾಲಾಗಿ ಗುರಿ ಹಿಡಿದಾಗ ಅವರ ತಲೆಯ ಮೇಲೆ ಎಚ್ಚರಿಕೆಯ ಗುರುತು ಮೂಡುತ್ತದೆ. ಆಗ ಓಡಬೇಡಿ, ಪಕ್ಕದಲ್ಲಿ ಇರುವ ಶತ್ರುವನ್ನು ಹಿಡಿದು ಎದುರಿಗೆ ಎಳೆದುಕೊಳ್ಳಿ. ಗುಂಡೆಲ್ಲ ಅವನಿಗೆ ತಗಲುತ್ತದೆ, ನಿಮ್ಮ ಆರೋಗ್ಯ ಹಾಗೇ ಉಳಿಯುತ್ತದೆ. ಗುಂಡು ಹಾರಿದ ಮೇಲಿನ ಬಿಡುವೇ ನೀವು ಮುನ್ನುಗ್ಗುವ ಹೊತ್ತು. ಹಿಡಿಯಲು ಯಾರೂ ಹತ್ತಿರ ಇಲ್ಲದಿದ್ದರೆ ಗೋಡೆಯ ಮೂಲೆಯೋ ಗಾಡಿಯೋ ಅಡ್ಡ ಸಿಗುವಂತೆ ಸರಿದುಬಿಡಿ.

ಇನ್ನು ಬಟನ್ ವಿಷಯ. ಹೊಡೆಯುವ ಬಟನ್ನನ್ನು ಒತ್ತುತ್ತಲೇ ಇರುವುದು ನಿಮ್ಮ ಮೊದಲ ತಪ್ಪು. ಈ ಆಟದಲ್ಲಿ ಎದುರೇಟಿಗೆ ಬೆಲೆ ಹೆಚ್ಚು. ಕೈ ಬಿಗಿಹಿಡಿದು ನಿಲ್ಲಿ. ಶತ್ರುವಿನ ತಲೆಯ ಮೇಲೆ ಕೆಂಪು ಗುರುತು ಬಂದ ಕ್ಷಣ ಎದುರೇಟಿನ ಬಟನ್ ಒತ್ತಿ, ಕಾಲ ಒಂದಿಷ್ಟು ನಿಧಾನವಾಗುತ್ತದೆ. ಆ ಸಂದಿನಲ್ಲಿ ಎರಡನೆಯ ಬಟನ್ ಒತ್ತಿ ಹೊಡೆಯಬಹುದು, ಆಯುಧ ಕಸಿಯಬಹುದು, ಎತ್ತಿ ಎಸೆಯಬಹುದು, ಇಲ್ಲವೇ ಕೈಯಲ್ಲಿರುವ ಪಿಸ್ತೂಲು, ಹಗ್ಗದ ಬಾಣದಂಥ ಸಲಕರಣೆ ಬಳಸಬಹುದು. ಮಾಮೂಲಿ ಸಿಪಾಯಿ ಹೊಡೆತಕ್ಕೇ ಬೀಳುತ್ತಾನೆ. ಕೊಡಲಿ ಹಿಡಿದ ದೈತ್ಯ ಗ್ರೆನೇಡಿಯರ್ ಮತ್ತು ಜರ್ಮನ್ ಯೇಗರ್ ಎಂಬ ಸಿಪಾಯಿಗಳು ಹಾಗಲ್ಲ. ಅವರ ಮುಂದೆ ಹೊಡೆತ ವ್ಯರ್ಥವಾದರೆ ಮತ್ತೆ ಅದನ್ನೇ ಪ್ರಯತ್ನಿಸದೆ ಬೇರೆ ಆಯ್ಕೆಗೆ ಹೋಗಿ, ಇಲ್ಲವೇ ಪಿಸ್ತೂಲಿನ ಆ ಒಂದು ಗುಂಡನ್ನು ಅವರಿಗೆಂದೇ ಉಳಿಸಿಡಿ. ಮಾಮೂಲಿ ಸಿಪಾಯಿಯ ಮೇಲೆ ಅದನ್ನು ಖರ್ಚು ಮಾಡುವುದು ದುಂದು. ಜೋಡಿ ಪಿಸ್ತೂಲಿನ ಚೀಲ ಸಿದ್ಧಪಡಿಸಿಕೊಂಡರೆ ಎರಡು ಗುಂಡಾಯಿತು. ಕಸಿದುಕೊಂಡ ಕೋವಿಯಲ್ಲಿ ಗುಂಡಿದ್ದರೆ ಅದನ್ನೂ ಹಾರಿಸಿ, ಖಾಲಿಯಾದ ಮೇಲೂ ಬಯೊನೆಟ್ ಕೆಲಸಕ್ಕೆ ಬರುತ್ತದೆ.

ಸಾಕೆನಿಸಿದಾಗ ಹೊಗೆಬಾಂಬು ಹಾಕಿ ಹೊರಟುಬಿಡಿ. ಬೀದಿಯಲ್ಲಿ ಕಾನರ್‌ನ ಕುಖ್ಯಾತಿ ಏರಿದ್ದರೆ ಗೋಡೆಗಂಟಿಸಿದ ಪೋಸ್ಟರ್‌ಗಳನ್ನು ಹರಿದುಹಾಕಿ, ಡಂಗುರ ಸಾರುವವನಿಗೂ ಮುದ್ರಕನಿಗೂ ದುಡ್ಡು ಕೊಟ್ಟು ಅದನ್ನು ಇಳಿಸಿ. ಇದನ್ನು ಮರೆತು ಮುಂದಿನ ಮಿಷನ್‌ಗೆ ಹೋದವರಿಗೆ ಹೆಜ್ಜೆಹೆಜ್ಜೆಗೂ ಸಿಪಾಯಿಗಳು ಎದುರಾಗುತ್ತಾರೆ.

ಪ್ರಶ್ನೆ: ಕಾಡಿನಲ್ಲಿ ಕರಡಿ ಹೊಡೆದರೂ ಚರ್ಮಕ್ಕೆ ಒಳ್ಳೆಯ ಬೆಲೆ ಬರುತ್ತಿಲ್ಲ, ಏಕೆ?

ಕೋವಿಯಿಂದ ಹೊಡೆದಿರುತ್ತೀರಿ. ಯಾವ ಆಯುಧದಿಂದ ಪ್ರಾಣಿ ಸತ್ತಿತು ಎಂಬುದರ ಮೇಲೆ ಚರ್ಮದ ಗುಣಮಟ್ಟ ನಿಂತಿದೆ. ಗುಂಡು ತಗಲಿದರೆ ಚರ್ಮ ಹಾಳು, ಮಣಿಕಟ್ಟಿನ ಅಡಗುಕತ್ತಿಯಿಂದಾದರೆ ಅತ್ಯುತ್ತಮ. ಹೆಜ್ಜೆಗುರುತು, ಮುರಿದ ಕೊಂಬೆಯಂಥ ಸುಳಿವನ್ನು ಪರೀಕ್ಷಿಸಿ, ಪೊದೆಯ ಪಕ್ಕದಲ್ಲಿ ಮೇವು ಎರಚಿ, ಪೊದೆಯೊಳಗೆ ಕೂತು ಕಾಯಿರಿ. ಮರ ಹತ್ತಿ ಕೊಂಬೆಯಿಂದ ಜಿಗಿಯುವುದು ಇನ್ನೂ ಸೊಗಸು. ಕವಲೊಡೆದ ಮರಗಳಲ್ಲಿ ಕಾನರ್ ನೆಲ ಮುಟ್ಟದೆ ಬಹುದೂರ ಓಡಬಲ್ಲ. ಚಳಿಗಾಲದ ಆಳವಾದ ಹಿಮದಲ್ಲಿ ಕಾಲು ಹೂತು ವೇಗ ಇಳಿಯುವುದರಿಂದ ಆಗಲೂ ಮರದ ದಾರಿಯೇ ಮೇಲು. ಕರಡಿ, ತೋಳ ಮೈಮೇಲೆ ಬಿದ್ದಾಗ ತೆರೆಯ ಮೇಲೆ ಬಟನ್ ಗುರುತು ಮೂಡುತ್ತದೆ. ಅದು ಕಂಡ ಮೇಲೆ ಒತ್ತಿ, ಮೊದಲೇ ಊಹಿಸಿ ಒತ್ತಿದರೆ ಗಾಯ ಖಂಡಿತ.

ಪ್ರಶ್ನೆ: ಪೆಟ್ಟಿಗೆಯ ಬೀಗ ತೆಗೆಯಲು ಕಂಟ್ರೋಲರ್‌ನಲ್ಲಿ ಹೇಗೆ ಒತ್ತಬೇಕು ಎಂಬುದೇ ತಿಳಿಯುತ್ತಿಲ್ಲ.

ಎಡ ಸ್ಟಿಕ್ಕನ್ನು ಬಹಳ ನಿಧಾನವಾಗಿ ಸುತ್ತಿಸಿ. ಕಂಟ್ರೋಲರ್ ಜೋರಾಗಿ ನಡುಗುವ ಜಾಗದಲ್ಲಿ ನಿಲ್ಲಿಸಿ ಹಾಗೇ ಹಿಡಿದಿರಿ. ಅದನ್ನು ಬಿಡದೆ ಬಲ ಸ್ಟಿಕ್ಕನ್ನೂ ಹಾಗೆಯೇ ಸುತ್ತಿಸಿ ನಡುಕ ಹುಡುಕಿ. ಎರಡನ್ನೂ ಹಿಡಿದಿಟ್ಟುಕೊಂಡೇ ಟ್ರಿಗರ್ ಬಟನ್ನನ್ನು ಪಟಪಟನೆ ಒತ್ತಿ. ಹೆಚ್ಚಿನವರು ತಪ್ಪುವುದು ಈ ಮೂರನೆಯ ಹಂತದಲ್ಲಿ: ಟ್ರಿಗರ್ ಒತ್ತುವ ಅವಸರದಲ್ಲಿ ಹೆಬ್ಬೆರಳು ಸ್ಟಿಕ್ಕಿನಿಂದ ಜಾರುತ್ತದೆ, ಮತ್ತೆ ಮೊದಲಿನಿಂದ. ಸೆಟ್ಟಿಂಗ್ಸ್‌ನಲ್ಲಿ ಕಂಪನವನ್ನು ಆಫ್ ಮಾಡಿದ್ದರೆ ಮೊದಲು ಆನ್ ಮಾಡಿಕೊಳ್ಳಿ.

ಪ್ರಶ್ನೆ: ‘ಅಕ್ವಿಲಾ’ ಹಡಗಿನ ಕದನಗಳು ಇಷ್ಟ, ಆದರೆ ದೊಡ್ಡ ಹಡಗು ಎದುರಾದರೆ ಮುಳುಗುತ್ತೇನೆ. ದುಡ್ಡು ಮೊದಲು ಯಾವುದಕ್ಕೆ ಹಾಕಲಿ?

ಮೊದಲು ಹಡಗಿನ ಮೈಗೆ, ಆಮೇಲೆ ತೋಪುಗಳಿಗೆ. ಪೂರ್ತಿ ಹಾಯಿ ಬಿಚ್ಚಿದಾಗ ವೇಗ ಬರುತ್ತದೆ, ತಿರುವು ಬರುವುದಿಲ್ಲ. ಹೊಡೆದಾಟ ಶುರುವಾದೊಡನೆ ಅರ್ಧ ಹಾಯಿಗೆ ಇಳಿಯಿರಿ. ತೋಪುಗಳು ಹಡಗಿನ ಪಕ್ಕದಲ್ಲಿವೆ ಎಂಬುದನ್ನು ಮರೆಯದೆ, ಶತ್ರುವಿನ ಮೂತಿಗೋ ಬಾಲಕ್ಕೋ ನಿಮ್ಮ ಪಕ್ಕ ಕೊಡುವಂತೆ ತಿರುಗಿಕೊಂಡರೆ ನೀವು ಹೊಡೆಯಬಹುದು, ಅವನು ತಿರುಗಿ ಹೊಡೆಯುವುದು ಕಷ್ಟ. ಸರಪಳಿ ಗುಂಡು ಕಂಬ ಮುರಿದು ಅವನನ್ನು ನಿಂತಲ್ಲೇ ನಿಲ್ಲಿಸುತ್ತದೆ. ಚಿಕ್ಕ ದೋಣಿಗಳಿಗೂ, ಹೊಡೆತ ತಿಂದ ಹಡಗಿನ ಮೈಯಲ್ಲಿ ತೆರೆದುಕೊಳ್ಳುವ ದುರ್ಬಲ ಜಾಗಗಳಿಗೂ ಸುತ್ತು ತಿರುಗುವ ಸಣ್ಣ ತೋಪು ಸಾಕು. ಅದು ಮದ್ದಿನ ಕೋಣೆಗೆ ಬಿದ್ದರೆ ಹಡಗು ಒಂದೇ ಏಟಿಗೆ ಸಿಡಿಯುತ್ತದೆ. ಎದುರಾಳಿಯ ತೋಪು ಹಾರುವ ಕ್ಷಣದಲ್ಲಿ, ದೈತ್ಯ ಅಲೆ ಏಳುವಾಗ ಬಾಗಿ ತಾಳಿಕೊಳ್ಳುವ ಬಟನ್ ಒತ್ತಿ. ಅಲೆಗೆ ಹಡಗಿನ ಮೂತಿ ಕೊಡಿ, ಪಕ್ಕ ಕೊಡಬೇಡಿ.

ಪ್ರಶ್ನೆ: ಕಾನರ್‌ನ ಜನ ನಿಜವಾಗಿಯೂ ವಾಷಿಂಗ್ಟನ್ ಪರ ಇದ್ದರೇ? ಆಟದಲ್ಲಿ ತೋರಿಸಿದ್ದರಲ್ಲಿ ಇತಿಹಾಸ ಎಷ್ಟು?

ಕಾನರ್‌ನ ನಿಜವಾದ ಹೆಸರು ರದೂನ್‌ಹಗೇದೂನ್, ತಾಯಿಯ ಕಡೆಯಿಂದ ಮೋಹಾಕ್ ಎಂಬ ಮೂಲನಿವಾಸಿ ಜನಾಂಗದವನು. ಮೋಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕ, ಟಸ್ಕರೋರ ಎಂಬ ಆರು ಜನಾಂಗಗಳ ಒಕ್ಕೂಟದಲ್ಲಿ ಒನೈಡಾ ಮತ್ತು ಟಸ್ಕರೋರ ಜನರಲ್ಲಿ ಹೆಚ್ಚಿನವರು ದಂಗೆಯವರ ಪರ ನಿಂತರು. ಮೋಹಾಕರಲ್ಲಿ ಹೆಚ್ಚಿನವರು ತಮ್ಮ ಮುಖಂಡ ಜೋಸೆಫ್ ಬ್ರಾಂಟ್ ಜೊತೆ ಬ್ರಿಟಿಷರ ಪರ ಹೋದರು. ತಮ್ಮ ನೆಲವನ್ನು ಕಬಳಿಸುತ್ತಿದ್ದವರು ವಸಾಹತುಗಾರರೇ ಎಂಬುದು ಅವರಿಗೆ ಕಣ್ಣೆದುರಿನ ಸತ್ಯವಾಗಿತ್ತು. 1777ರ ಆಗಸ್ಟ್ 6ರಂದು ಒರಿಸ್ಕನಿಯ ಕದನದಲ್ಲಿ ಒಂದೇ ಒಕ್ಕೂಟದವರು ಎದುರುಬದುರು ನಿಂತು ಹೊಡೆದಾಡಿದರು. ಹಾಗಾಗಿ ಕಾನರ್ ತನ್ನ ಜನರಲ್ಲಿ ಅಪರೂಪದವನು. ಆಟದ ದ್ವಿತೀಯಾರ್ಧದಲ್ಲಿ ಅವನಿಗೆ ಆಗುವ ನೋವೂ ಅಲ್ಲಿಂದಲೇ ಬರುತ್ತದೆ.

ಅವನ ಹಳ್ಳಿಯನ್ನು 1760ರಲ್ಲಿ ಸುಟ್ಟದ್ದು ವಾಷಿಂಗ್ಟನ್ ಎಂದು ಆಟ ಹೇಳುತ್ತದೆ. ಅದು ಕಟ್ಟುಕಥೆ. ವಾಷಿಂಗ್ಟನ್ 1758ರ ಕೊನೆಯಲ್ಲೇ ಸೈನ್ಯದ ಹುದ್ದೆ ಬಿಟ್ಟಿದ್ದರು, ಮರುವರ್ಷ ಜನವರಿಯಲ್ಲಿ ಮದುವೆಯಾಗಿ ವರ್ಜೀನಿಯಾದ ತಮ್ಮ ತೋಟದಲ್ಲಿ ನೆಲೆಸಿದರು. ಆದರೆ ಕಟ್ಟುಕಥೆಯ ಹಿಂದೆ ನಿಜವಾದ ಬೆಂಕಿಯಿದೆ. 1779ರ ಮೇ 31ರಂದು ವಾಷಿಂಗ್ಟನ್ ಸೇನಾನಿ ಸಲಿವನ್‌ಗೆ ಒಕ್ಕೂಟದಲ್ಲಿ ಬ್ರಿಟಿಷರ ಪರ ನಿಂತ ಜನರ ವಾಸಸ್ಥಾನಗಳನ್ನು ಪೂರ್ತಿ ನಾಶ ಮಾಡುವಂತೆ ಆದೇಶ ಕೊಟ್ಟರು. ನಲವತ್ತಕ್ಕೂ ಹೆಚ್ಚು ಹಳ್ಳಿಗಳು, ಹೊಲದಲ್ಲಿ ನಿಂತ ಮೆಕ್ಕೆಜೋಳ, ಹಣ್ಣಿನ ತೋಟಗಳು ಬೂದಿಯಾದವು. ಆ ಚಳಿಗಾಲದಲ್ಲಿ ಸಾವಿರಾರು ನಿರಾಶ್ರಿತರು ನಯಾಗರಾ ಕೋಟೆಯ ಬಳಿ ಹಸಿವಿನಿಂದ, ಚಳಿಯಿಂದ ನರಳಿದರು. ವಾಷಿಂಗ್ಟನ್‌ಗೆ ಆ ಜನರ ಭಾಷೆಯಲ್ಲಿ ಇದ್ದ ಹೆಸರಿನ ಅರ್ಥ ‘ಊರು ಹಾಳುಮಾಡುವವನು’. ಮಿಕ್ಕ ಎಷ್ಟೋ ಆಟಗಳು ಮುಟ್ಟದ ಈ ವಿಷಯವನ್ನು ಇದು ಮುಟ್ಟಿದೆ. ಇಸವಿ ತಪ್ಪಿದ್ದರೂ ಆ ಧೈರ್ಯಕ್ಕಾಗಿ ಆಟವನ್ನು ಗೌರವಿಸಬೇಕು. ಹಳ್ಳಿಯ ದೃಶ್ಯಗಳಲ್ಲಿ ಮೋಹಾಕ್ ಭಾಷೆಯನ್ನೇ ಆಡಿಸಿದ್ದಾರೆ, ಸಬ್‌ಟೈಟಲ್ ಹಾಕಿಕೊಂಡು ಅದನ್ನು ಕಿವಿಗೊಟ್ಟು ಕೇಳಿ.

ಬ್ರಿಟಿಷರ ತೆರಿಗೆ ವಿರೋಧಿಸಿ ಬೋಸ್ಟನ್ ಬಂದರಿನಲ್ಲಿ ನಡೆದ ಚಹಾ ಪೆಟ್ಟಿಗೆಗಳ ಪ್ರಸಂಗ (ಬೋಸ್ಟನ್ ಟೀ ಪಾರ್ಟಿ) 1773ರ ಡಿಸೆಂಬರ್ 16ರದ್ದು. ಡಾರ್ಟ್‌ಮತ್, ಎಲಿನೋರ್, ಬೀವರ್ ಎಂಬ ಮೂರು ಹಡಗುಗಳಿಂದ 342 ಪೆಟ್ಟಿಗೆಗಳನ್ನು ನೀರಿಗೆ ಸುರಿದರು. ಆಟದಲ್ಲಿ ಪೆಟ್ಟಿಗೆ ಎಸೆಯುತ್ತಲೇ ಸಿಪಾಯಿಗಳನ್ನೂ ಹೊಡೆಯಬೇಕು, ನಿಜದಲ್ಲಿ ಅಂದು ಹೊಡೆದಾಟ ನಡೆಯಲಿಲ್ಲ. ಸುರಿದವರಲ್ಲಿ ಹಲವರು ಮುಖಕ್ಕೆ ಮಸಿ ಬಳಿದುಕೊಂಡು ಮೋಹಾಕರ ವೇಷ ಹಾಕಿದ್ದರು. ಆ ವೇಷದವರು ಇದ್ದ ಜಾಗದಲ್ಲಿ ನಿಜವಾದ ಒಬ್ಬ ಮೋಹಾಕನನ್ನು ತಂದು ನಿಲ್ಲಿಸಿದ್ದು ಬರೆದವರ ಜಾಣ್ಮೆ.

1770ರ ಮಾರ್ಚ್ 5ರ ಬೋಸ್ಟನ್ ಹತ್ಯಾಕಾಂಡದಲ್ಲಿ ಬ್ರಿಟಿಷ್ ಸಿಪಾಯಿಗಳ ಗುಂಡಿಗೆ ಐವರು ಸತ್ತದ್ದು ನಿಜ, ಮೊದಲ ಗುಂಡು ಮಾಳಿಗೆಯಿಂದ ಬಂತೆಂಬುದು ಕಲ್ಪನೆ. ಆ ಸಿಪಾಯಿಗಳ ಪರ ವಾದಿಸಿದ ವಕೀಲ ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷರಾದವರು. ಅವರ ಕ್ಯಾಪ್ಟನ್ ಪ್ರೆಸ್ಟನ್ ಖುಲಾಸೆಯಾದ. ಎಂಟು ಸಿಪಾಯಿಗಳಲ್ಲಿ ಇಬ್ಬರ ಮೇಲಷ್ಟೇ ಅಪರಾಧ ಸಾಬೀತಾಗಿ, ಅವರ ಹೆಬ್ಬೆರಳಿಗೆ ಬರೆ ಹಾಕಿದರು.

ಕಾನರ್ ಕೊಲ್ಲುವವರಲ್ಲಿ ಬ್ರಿಟಿಷ್ ಸೇನಾಧಿಕಾರಿ ಪಿಟ್‌ಕೇರ್ನ್ 1775ರ ಜೂನ್ 17ರ ಬಂಕರ್ ಹಿಲ್ ಕದನದಲ್ಲೇ ಗುಂಡೇಟಿನಿಂದ ಸತ್ತ. ವಾಷಿಂಗ್ಟನ್‌ರ ಕಾವಲುಪಡೆಯಲ್ಲಿದ್ದ ಥಾಮಸ್ ಹಿಕಿಯನ್ನು 1776ರ ಜೂನ್ 28ರಂದು ನ್ಯೂಯಾರ್ಕ್‌ನಲ್ಲಿ ಗಲ್ಲಿಗೇರಿಸಿದರು. ಆಟದಲ್ಲಿ ಗಲ್ಲು ಕಟ್ಟುವುದು ಕಾನರ್‌ಗೆ! ವಾಷಿಂಗ್ಟನ್‌ರ ಸೇನೆಯಲ್ಲಿ ಸೇನಾನಿಯಾಗಿದ್ದ ಚಾರ್ಲ್ಸ್ ಲೀ 1782ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಜ್ವರದಿಂದ ತೀರಿಕೊಂಡ. ಆಟ ಇಸವಿಯನ್ನು ಉಳಿಸಿಕೊಂಡು ಸಾವಿನ ಬಗೆಯನ್ನು ಬದಲಿಸಿದೆ.

ಪ್ರಶ್ನೆ: ಆ ಲೀಯನ್ನು ಬೆನ್ನಟ್ಟುವ ಕೊನೆಯ ಮಿಷನ್‌ನಲ್ಲಿ ಹತ್ತಾರು ಸಲ ಸೋತಿದ್ದೇನೆ. ಅವನನ್ನು ಹಿಡಿಯುವ ಉಪಾಯ ಏನು?

ಹಿಡಿಯಲು ಹೋಗಬೇಡಿ, ಕಣ್ಣಿಂದ ತಪ್ಪಿಸಿಕೊಳ್ಳದಂತೆ ನೋಡಿಕೊಂಡರೆ ಸಾಕು. ಅವನ ದಾರಿ ಮೊದಲೇ ಗೊತ್ತುಮಾಡಿದ್ದು, ಬೆಂಕಿ ಬಿದ್ದ ಹಡಗಿನೊಳಗೆ ಅದು ಮುಗಿಯುವಂತೆ ಕಥೆ ಹೆಣೆದಿದ್ದಾರೆ. ಸೋಲುವ ಕಾರಣ ಸಾಮಾನ್ಯವಾಗಿ ಒಂದೇ: ಓಟದ ಬಟನ್ ಹಿಡಿದಾಗ ಕಾನರ್ ಎದುರಿಗೆ ಸಿಕ್ಕ ಪೆಟ್ಟಿಗೆ, ಗೋಡೆ, ಕಂಬ ಎಲ್ಲವನ್ನೂ ಹತ್ತಲು ಹೊರಡುತ್ತಾನೆ, ಅಲ್ಲಿಗೆ ಎರಡು ಮೂರು ಸೆಕೆಂಡು ಹೋಯಿತು. ಅಂಥವಕ್ಕೆ ಮೈ ತಾಗದಂತೆ ದಾರಿಯ ನಡುವೆ ಓಡಿ, ಜನರ ಗುಂಪು ಕಂಡಲ್ಲಿ ಒಂದು ಮಾರು ಮೊದಲೇ ಪಕ್ಕಕ್ಕೆ ಸರಿಯಿರಿ. ಕ್ಯಾಮೆರಾವನ್ನು ಲೀಯ ಬೆನ್ನಿಗಿಂತ ಅವನು ತಿರುಗಲಿರುವ ಮೂಲೆಯ ಕಡೆ ಇಡಿ, ಸ್ಟಿಕ್ಕನ್ನು ಚಿಕ್ಕದಾಗಿ ಸರಿಸಿ. ಐಚ್ಛಿಕ ಗುರಿಗಳನ್ನು ಮೊದಲ ಸಲಕ್ಕೆ ಪೂರ್ತಿ ಬಿಟ್ಟುಬಿಡಿ. ಕಥೆ ಮುಗಿದ ಮೇಲೆ ಮೆನುವಿನ ಡಿಎನ್ಎ ಟ್ರ್ಯಾಕರ್‌ನಲ್ಲಿ ಅದೇ ಮಿಷನ್ ತೆರೆದು ಅವನ್ನಷ್ಟೇ ಮತ್ತೆ ಆಡಬಹುದು.