ಮೌಸ್ ಹಿಡಿದೇ ಗೊತ್ತಿಲ್ಲ, ಸಿಕ್ಕಿದ್ದು ಕಂಪ್ಯೂಟರ್ ಸೈನ್ಸ್

ಪ್ರಶ್ನೆ: ನಾನು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯವಳು. ಮನೆಮಾತು ತೆಲುಗು, ಓದಿದ್ದು ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಪಿಸಿಎಂಬಿ. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿ ಕೋಲಾರದಲ್ಲಿ ಹಾಸ್ಟೆಲ್ ಸೇರಿದ್ದೇನೆ. ಮೊದಲು ಕಂಪ್ಯೂಟರ್ ಮುಟ್ಟಿಯೇ ಇರಲಿಲ್ಲ. ಲ್ಯಾಬ್‌ನಲ್ಲಿ ಉಳಿದವರು ಪ್ರೋಗ್ರಾಂ ಮುಗಿಸಿ ಎದ್ದರೂ ನಾನಿನ್ನೂ ಕೀಬೋರ್ಡ್‌ನಲ್ಲಿ ಬ್ರಾಕೆಟ್ ಹುಡುಕುತ್ತಿರುತ್ತೇನೆ. ಅಪ್ಪ ಮಾವಿನ ತೋಟದ ಮೇಲೆ ಸಾಲ ತೆಗೆದು ಲ್ಯಾಪ್‌ಟಾಪ್ ಕೊಡಿಸುತ್ತಾರಂತೆ. ಸಿವಿಲ್‌ಗೆ ಬದಲಾಯಿಸಿಕೊಳ್ಳಲಾ?

ಉತ್ತರ: ತಂಗಿ, ಸಿವಿಲ್‌ನಲ್ಲಿ ನಕ್ಷೆ ಬಿಡಿಸುವ ಆಟೋಕ್ಯಾಡ್ ಸಾಫ್ಟ್‌ವೇರ್ ಇದೆ. ಅದೂ ಕಂಪ್ಯೂಟರ್‌ನಲ್ಲೇ! ಸೇತುವೆ, ಕಟ್ಟಡ ಇಷ್ಟವಾಗಿದ್ದರೆ ಖಂಡಿತ ಹೋಗು. ಹೆದರಿಕೊಂಡು ಹೋಗಬೇಡ.

ಇಂಜಿನಿಯರಿಂಗ್ ಸೀಟಿಗೆ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾತ್ಸ್ ಇರಲೇಬೇಕು. ಕಂಪ್ಯೂಟರ್ ಓದಿರಲೇಬೇಕು ಅಂತ ಇಲ್ಲ. ಅದಕ್ಕೇ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠ ವೇರಿಯಬಲ್ (ಬೆಲೆಯೊಂದನ್ನು ಇಟ್ಟುಕೊಳ್ಳುವ ಹೆಸರು) ಅಂದರೇನು ಅನ್ನುವಲ್ಲಿಂದ ಶುರುವಾಗುತ್ತದೆ. ಪಿಯುಸಿಯಲ್ಲೇ ಕಂಪ್ಯೂಟರ್ ಓದಿದವರು ಈಗ ಮುಂದಿದ್ದಾರೆ, ನಿಜ. ಆದರೆ ತೆಲುಗು, ಕನ್ನಡ, ಇಂಗ್ಲಿಷ್ ಮೂರನ್ನೂ ನಿಭಾಯಿಸುತ್ತಿರುವವಳು ನೀನು. ಪಠ್ಯಪುಸ್ತಕದಲ್ಲಿ ಸಿ ಭಾಷೆಯ ಕೀವರ್ಡ್‌ಗಳು, ಅಂದರೆ ಅದರ ಮೀಸಲು ಪದಗಳು, ಬರೀ 32.

ನನ್ನ ಚಿಂತೆ ಬೇರೆ. ಹಿಂದೆ ಬಿದ್ದೆ ಅನ್ನಿಸಿದವರು ಲ್ಯಾಬ್ ಪ್ರೋಗ್ರಾಂಗಳನ್ನೆಲ್ಲ ಬೈಹಾರ್ಟ್ ಮಾಡಿಬಿಡುತ್ತಾರೆ. ಇಂಟರ್ನಲ್ಸ್ ಹೇಗೋ ದಾಟುತ್ತದೆ. ಮೂರನೇ ಸೆಮಿಸ್ಟರ್‌ಗೆ ಮಾಹಿತಿ ಜೋಡಿಸಿಡುವ ಬಗೆ ಕಲಿಸುವ ಡೇಟಾ ಸ್ಟ್ರಕ್ಚರ್ಸ್ ಬರುತ್ತದೆ, ಆಗ ಮೆಮೊರಿಯ ವಿಳಾಸ ಹಿಡಿದಿಡುವ ಪಾಯಿಂಟರ್ ಗೊತ್ತಿಲ್ಲದೆ ಒದ್ದಾಡುತ್ತಾರೆ.

ನೀನು ಹೀಗೆ ಮಾಡು. ಹತ್ತು ಸಾಲಿನ ಪ್ರೋಗ್ರಾಂ ಟೈಪ್ ಮಾಡು. ಓಡಿತಾ? ಈಗ ಬೇಕಂತಲೇ ಕೆಡಿಸು. ಕೊನೆಯದಕ್ಕಿಂತ ಮುಂಚಿನ ಒಂದು ಮುಚ್ಚುವ ಕರ್ಲಿ ಬ್ರಾಕೆಟ್ } ತೆಗೆದರೆ, ನಿನ್ನ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಫೈಲಿನ ತುದಿಯಲ್ಲಿ ತಪ್ಪಿದೆ ಅನ್ನುತ್ತದೆ. ಯಾಕೆ? ಪಾಪ, ಅಲ್ಲಿವರೆಗೂ ಅದು ಬ್ರಾಕೆಟ್‌ಗಾಗಿ ಕಾಯುತ್ತಿತ್ತು. ಷರತ್ತು ಪರೀಕ್ಷಿಸುವ ಇಫ್ ಒಳಗೆ ಎರಡು ಸಮ ಚಿಹ್ನೆ (==) ಬೇಕಾದ ಕಡೆ ಒಂದೇ ಹಾಕಿ ನೋಡು. ಸಾಮಾನ್ಯವಾಗಿ ಪ್ರೋಗ್ರಾಂ ಓಡಿಬಿಡುತ್ತದೆ, ಉತ್ತರ ಮಾತ್ರ ತಪ್ಪು. ಇಂಥವನ್ನು ನೀನೇ ಕೆಡಿಸಿ ಸರಿಮಾಡಿದ್ದರೆ ವೈವಾದಲ್ಲಿ ಯಾರು ಕೇಳಿದರೂ ಹೇಳಬಲ್ಲೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಅರ್ಥವಾಗದಿದ್ದರೆ ನೋಟ್‌ಬುಕ್‌ನಲ್ಲಿ ಕೋಷ್ಟಕ ಹಾಕು. ಪ್ರತಿ ಸುತ್ತಿಗೂ ಯಾವ ವೇರಿಯಬಲ್‌ನ ಬೆಲೆ ಎಷ್ಟಾಯಿತು ಅಂತ ಬರೆ. ಕರೆಂಟ್ ಹೋದರೂ ನಡೆಯುವ ಕೆಲಸ ಇದು.

ಟೈಪಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ದಿನಾ ಸ್ವಲ್ಪ ಕೂತರೆ ಬೆರಳಿಗೆ ತಾನೇ ಬರುತ್ತದೆ. ಇಂಗ್ಲಿಷಿನಲ್ಲಿ ಮಾಡುವ ಪಾಠ ತಲೆಗೆ ಹೋಗದಿದ್ದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಎಂಬ ಕಂಪ್ಯೂಟರ್ ವಿಡಿಯೊ ಪಾಠ ಕನ್ನಡದಲ್ಲೂ ಸಿಗುತ್ತದೆ, ಪುಕ್ಕಟೆ.

ಇನ್ನು ಸಾಲ. ಈಗ ಖಂಡಿತ ಬೇಡ. ಸಿ ಭಾಷೆ 1972ರ ಹೊತ್ತಿಗೆ ಹುಟ್ಟಿದ್ದು. ಆಗಿನ ಯಂತ್ರದ ಮೆಮೊರಿಯಲ್ಲಿ ನಿನ್ನ ಫೋನಿನ ಒಂದು ಫೋಟೊ ಕೂಡ ಹಿಡಿಯುತ್ತಿರಲಿಲ್ಲ. ಮೊದಲ ವರ್ಷಕ್ಕೆ ಕಾಲೇಜಿನ ಲ್ಯಾಬ್ ಸಾಕು. ಕ್ಲಾಸಿಲ್ಲದ ಹೊತ್ತಿನಲ್ಲಿ ಬಂದು ಕೂರಬಹುದಾ ಅಂತ ಲ್ಯಾಬ್‌ನವರನ್ನು ನಾಚಿಕೆ ಬಿಟ್ಟು ಕೇಳು. ಹಾಸ್ಟೆಲ್‌ನಲ್ಲಿ ಫೋನಿನ ಬ್ರೌಸರ್‌ನಲ್ಲೇ ಆನ್‌ಲೈನ್ ಕಂಪೈಲರ್ ತೆರೆಯುತ್ತದೆ. ಎರಡನೇ ವರ್ಷಕ್ಕೆ 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡಿದರಾಯಿತು. ತೋಟದ ಪತ್ರ ಬ್ಯಾಂಕಿಗೆ ಹೋಗುವ ಮುಂಚೆ ಅಪ್ಪನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿಬಿಡು.